ಜಾಲತಾಣಗಳ ಮಾಹಿತಿ ವಿನ್ಯಾಸ ಮತ್ತು ಬಳಕೆದಾರರ ಅನುಭವ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಜಾಲತಾಣವೊಂದನ್ನು ಕಟ್ಟಲು ಹೊರಟವರು, ಇರುವುದನ್ನು ತಿದ್ದಲು ಕುಳಿತವರು ಮತ್ತು ಅದಕ್ಕೆ ಬರೆದು ಕೊಡುವ ಹೊಣೆ ಹೊತ್ತವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಉತ್ತರಗಳೆಲ್ಲ ಒಂದೇ ನಂಬಿಕೆಯ ಮೇಲೆ ನಿಂತಿವೆ: ಓದುಗರು ತಾಣಕ್ಕೆ ಬರುವುದು ತಮ್ಮದೇ ಆದ ಒಂದು ಪ್ರಶ್ನೆಯನ್ನು ಹಿಡಿದುಕೊಂಡು, ಮತ್ತು ಆ ಪ್ರಶ್ನೆಯಿಂದ ಉತ್ತರದವರೆಗಿನ ದಾರಿಯನ್ನು ಸುಗಮಗೊಳಿಸುವುದೇ ವಿನ್ಯಾಸದ ಮೊದಲ ಕೆಲಸ.

ಪ್ರಶ್ನೆ: ಮಾಹಿತಿ ವಾಸ್ತುರಚನೆ, ಮಾಹಿತಿ ವಿನ್ಯಾಸ, ಬಳಕೆದಾರರ ಅನುಭವ ಇವು ಮೂರೂ ಒಂದೆಯೇ?

ಬೇರೆ ಬೇರೆ, ಆದರೆ ಒಂದನ್ನು ಬಿಟ್ಟು ಇನ್ನೊಂದು ನಿಲ್ಲುವುದಿಲ್ಲ. ತಾಣದಲ್ಲಿರುವ ವಿಷಯವನ್ನು ಹೇಗೆ ವಿಂಗಡಿಸಬೇಕು, ಯಾವ ಗುಂಪಿಗೆ ಯಾವ ಹೆಸರಿಡಬೇಕು, ಯಾವ ಪುಟದಿಂದ ಯಾವ ಪುಟಕ್ಕೆ ದಾರಿಯಿರಬೇಕು ಎಂಬ ತೀರ್ಮಾನಗಳು ಮಾಹಿತಿ ವಾಸ್ತುರಚನೆಗೆ ಸೇರಿದವು. 1970ರ ದಶಕದಲ್ಲಿ ಈ ಹೆಸರನ್ನು ಬಳಕೆಗೆ ತಂದ ರಿಚರ್ಡ್ ಸಾಲ್ ವುರ್ಮನ್ ಕಟ್ಟಡಗಳ ವಾಸ್ತುಶಿಲ್ಪವನ್ನು ಕಲಿತವರು. 1990ರ ದಶಕದ ಕೊನೆಯಲ್ಲಿ ಲೂಯಿಸ್ ರೋಸೆನ್‌ಫೆಲ್ಡ್ ಮತ್ತು ಪೀಟರ್ ಮೊರ್ವಿಲ್ ಅದನ್ನು ಜಾಲತಾಣಗಳಿಗೆ ಒಗ್ಗಿಸಿದರು.

ಹೀಗೆ ವಿಂಗಡಿಸಿದ ವಿಷಯವನ್ನು ಪುಟದ ಮೇಲೆ ಯಾವ ರೂಪದಲ್ಲಿ ಇಟ್ಟರೆ ತಟ್ಟನೆ ಅರ್ಥವಾಗುತ್ತದೆ ಎಂಬುದು ಮಾಹಿತಿ ವಿನ್ಯಾಸದ ಪ್ರಶ್ನೆ. ವಾಕ್ಯಗಳಲ್ಲಿ ಹೇಳಬೇಕೇ, ಕೋಷ್ಟಕ ಹಾಕಬೇಕೇ, ಹಂತಗಳಾಗಿ ಒಡೆಯಬೇಕೇ, ನಕ್ಷೆ ಬರೆಯಬೇಕೇ ಎಂಬುದನ್ನು ಅದು ನಿರ್ಧರಿಸುತ್ತದೆ. ಲಂಡನ್ನಿನ ಸುರಂಗ ರೈಲಿನ ನಕ್ಷೆ ಇದಕ್ಕೆ ಇಂದಿಗೂ ಒಳ್ಳೆಯ ಪಾಠ. ಹ್ಯಾರಿ ಬೆಕ್ ರೂಪಿಸಿ 1933ರಲ್ಲಿ ಪ್ರಕಟವಾದ ಆ ನಕ್ಷೆಯಲ್ಲಿ ನಿಲ್ದಾಣಗಳ ನಡುವಿನ ನಿಜವಾದ ಅಂತರವೂ ಹಳಿಗಳ ನಿಜವಾದ ತಿರುವುಗಳೂ ಇಲ್ಲ. ಯಾವ ಮಾರ್ಗ ಹಿಡಿಯಬೇಕು, ಎಲ್ಲಿ ಬದಲಾಯಿಸಬೇಕು ಎಂಬ ಪ್ರಯಾಣಿಕರ ಎರಡು ಪ್ರಶ್ನೆಗಳಿಗೆ ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಅವರು ಬಿಟ್ಟುಕೊಟ್ಟರು. ಏನನ್ನು ಬಿಡಬೇಕೆಂದು ತಿಳಿಯುವುದು ಈ ವಿದ್ಯೆಯ ಕಷ್ಟದ ಭಾಗ.

ಬಳಕೆದಾರರ ಅನುಭವ ಇವೆರಡನ್ನೂ ಒಳಗೊಂಡ ದೊಡ್ಡ ವೃತ್ತ. 1993ರಲ್ಲಿ ಆ್ಯಪಲ್ ಸಂಸ್ಥೆಗೆ ಸೇರಿದ ಡಾನ್ ನಾರ್ಮನ್ ಈ ಹೆಸರನ್ನು ಜನಪ್ರಿಯಗೊಳಿಸಿದರು. ಪರದೆಯ ಮೇಲಿನ ಗುಂಡಿಗಳಷ್ಟೇ ಅಲ್ಲದೆ ಒಬ್ಬ ವ್ಯಕ್ತಿ ಒಂದು ಉತ್ಪನ್ನದೊಡನೆ ಅಥವಾ ಸೇವೆಯೊಡನೆ ಎದುರಿಸುವ ಎಲ್ಲವನ್ನೂ ಅದು ಹಿಡಿಯಬೇಕೆಂಬುದು ಅವರ ಆಶಯವಾಗಿತ್ತು. ಪುಟ ಚೆಂದವಾಗಿದ್ದು, ಅರ್ಜಿ ಸಲ್ಲಿಸಿದ ಮೇಲೆ ಅದು ತಲುಪಿತೋ ಇಲ್ಲವೋ ಎಂಬುದೇ ತಿಳಿಯದಿದ್ದರೆ ಅನುಭವ ಕೆಟ್ಟದ್ದೇ.

ಪ್ರಶ್ನೆ: ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಮುಖಪುಟದಿಂದ ಆರಂಭಿಸಬಾರದು ಎಂಬುದು ಖಚಿತ. ಮುಖಪುಟವೆಂದರೆ ಒಳಗಿರುವ ವಿಷಯದ ಸಾರಾಂಶ. ಒಳಗೆ ಏನಿದೆಯೆಂದು ತಿಳಿಯುವ ಮೊದಲೇ ಸಾರಾಂಶ ಬರೆಯಲಾಗದು. ಅಲ್ಲದೆ, ಹುಡುಕುತಾಣಗಳ ಮೂಲಕ ಬರುವ ಓದುಗರು ನೇರವಾಗಿ ಯಾವುದೋ ಒಳಪುಟಕ್ಕೆ ಇಳಿಯುತ್ತಾರೆ, ಅವರಲ್ಲಿ ಅನೇಕರು ಮುಖಪುಟವನ್ನು ನೋಡುವುದೇ ಇಲ್ಲ.

ಮೊದಲು ಈಗಿರುವ ಎಲ್ಲ ಪುಟಗಳ ಪಟ್ಟಿ ಮಾಡಬೇಕು. ಪ್ರತಿ ಪುಟದ ವಿಳಾಸ, ಶೀರ್ಷಿಕೆ, ಅದನ್ನು ಯಾರು ನೋಡಿಕೊಳ್ಳುತ್ತಾರೆ, ಕೊನೆಯ ಬಾರಿ ತಿದ್ದಿದ್ದು ಯಾವಾಗ, ಅದು ಯಾರ ಯಾವ ಪ್ರಶ್ನೆಗೆ ಉತ್ತರ ಎಂಬಿಷ್ಟು ಅಂಕಣಗಳು ಸಾಕು. ಕೊನೆಯ ಅಂಕಣವನ್ನು ತುಂಬಲಾಗದ ಪುಟಗಳು ಆಶ್ಚರ್ಯವಾಗುವಷ್ಟು ಸಿಗುತ್ತವೆ. ಅವುಗಳನ್ನು ತೆಗೆಯುವ ಅಥವಾ ಬೇರೆ ಪುಟದೊಳಗೆ ಸೇರಿಸುವ ಮಾತು ಅಲ್ಲಿಂದಲೇ ಶುರುವಾಗುತ್ತದೆ.

ಇನ್ನೊಂದೆಡೆ ಓದುಗರ ಪ್ರಶ್ನೆಗಳನ್ನು ಕಲೆಹಾಕಬೇಕು. ತಾಣದ ಹುಡುಕಾಟ ಪೆಟ್ಟಿಗೆಯಲ್ಲಿ ಜನರು ಬರೆದ ಪದಗಳು, ದೂರವಾಣಿ ಕರೆಗಳನ್ನು ಉತ್ತರಿಸುವವರ ನೆನಪು, ಬಂದ ಪತ್ರಗಳು ಮತ್ತು ದೂರುಗಳು ಇದಕ್ಕೆ ಆಕರ. ಇವುಗಳನ್ನು ಎಷ್ಟು ಬಾರಿ ಕೇಳುತ್ತಾರೆ ಎಂಬುದರಿಂದ ಮಾತ್ರ ತೂಗಬಾರದು. ಅಪರೂಪಕ್ಕೆ ಬರುವ, ಆದರೆ ಉತ್ತರ ಸಿಗದಿದ್ದರೆ ಒಬ್ಬರಿಗೆ ದೊಡ್ಡ ನಷ್ಟವಾಗುವ ಪ್ರಶ್ನೆಗಳಿಗೂ ಕಣ್ಣಿಗೆ ಬೀಳುವ ಸ್ಥಾನ ಬೇಕು. ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟಾಗ ಉತ್ತರವಿಲ್ಲದ ಪ್ರಶ್ನೆಗಳೂ ಪ್ರಶ್ನೆಯಿಲ್ಲದ ಉತ್ತರಗಳೂ ಎದ್ದು ಕಾಣುತ್ತವೆ. ಬಣ್ಣ, ಚಿತ್ರ, ಅಕ್ಷರಶೈಲಿಗಳ ಚರ್ಚೆ ಇದೆಲ್ಲ ಆದ ಮೇಲೆ ಬರಲಿ, ಅದೂ ನಿಜವಾದ ಬರಹವನ್ನು ಮುಂದಿಟ್ಟುಕೊಂಡು. ಅರ್ಥವಿಲ್ಲದ ತುಂಬುಪಠ್ಯ ಹಾಕಿ ರೂಪಿಸಿದ ಪುಟದೊಳಗೆ ಕೊನೆಗೆ ನಿಜವಾದ ಶೀರ್ಷಿಕೆಗಳು ಹಿಡಿಸುವುದೇ ಇಲ್ಲ.

ಪ್ರಶ್ನೆ: ನಮ್ಮ ಸಂಸ್ಥೆಯ ವಿಭಾಗಗಳಿಗೆ ತಕ್ಕಂತೆಯೇ ಮೆನು ಮಾಡಿದರೆ ತಪ್ಪೇನು?

ವಿನ್ಯಾಸದ ಸಭೆಗಳಲ್ಲಿ ಅತಿ ಹೆಚ್ಚು ವಾದಕ್ಕೆ ಕಾರಣವಾಗುವ ಪ್ರಶ್ನೆ ಇದು. ವಿಭಾಗಗಳು ಹುಟ್ಟಿರುವುದು ಕೆಲಸ ಹಂಚಿಕೊಳ್ಳುವ ಅನುಕೂಲಕ್ಕಾಗಿ. ಹೊರಗಿನವರಿಗೆ ಆ ಹಂಚಿಕೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ. ವಿಳಾಸ ಬದಲಾಯಿಸಬೇಕಾದ ವ್ಯಕ್ತಿಗೆ ಆ ಕೆಲಸ ದಾಖಲೆ ವಿಭಾಗದ್ದೋ ಗ್ರಾಹಕ ಸೇವಾ ವಿಭಾಗದ್ದೋ ಎಂಬುದು ಮುಖ್ಯವಲ್ಲ. ಅವರು ಹುಡುಕುವುದು ವಿಳಾಸ ಬದಲಾವಣೆ ಎಂಬ ಪದಗಳನ್ನು. ವಿಭಾಗಗಳ ಹೆಸರುಗಳೇ ಮೆನುವಾದಾಗ ಓದುಗರು ಮೊದಲು ಸಂಸ್ಥೆಯ ಆಡಳಿತವನ್ನು ಕಲಿತು ಆಮೇಲೆ ತಮ್ಮ ಕೆಲಸಕ್ಕೆ ಬರಬೇಕಾಗುತ್ತದೆ. ಮೇಲಾಗಿ ವಿಭಾಗಗಳು ಒಡೆಯುತ್ತವೆ, ಕೂಡುತ್ತವೆ, ಹೆಸರು ಬದಲಿಸುತ್ತವೆ. ಪ್ರತಿ ಬಾರಿಯೂ ತಾಣದ ರಚನೆ ಅಲುಗಾಡುತ್ತದೆ.

ವಿಂಗಡಣೆಗೆ ಇರುವ ದಾರಿಗಳು ಎಣಿಸಬಹುದಾದಷ್ಟೇ ಎಂದು ವುರ್ಮನ್ ತೋರಿಸಿದ್ದರು: ಸ್ಥಳ, ಅಕ್ಷರಾನುಕ್ರಮ, ಕಾಲ, ವರ್ಗ ಮತ್ತು ಶ್ರೇಣಿ. ಕಾರ್ಯಕ್ರಮಗಳ ಪಟ್ಟಿಗೆ ಕಾಲ, ಶಾಖೆಗಳ ಪಟ್ಟಿಗೆ ಸ್ಥಳ, ಪದಕೋಶಕ್ಕೆ ಅಕ್ಷರಾನುಕ್ರಮ ಸಹಜವಾಗಿ ಹೊಂದುತ್ತವೆ. ಕಷ್ಟ ಬರುವುದು ವರ್ಗಗಳಲ್ಲಿ, ಏಕೆಂದರೆ ವರ್ಗವೆಂಬುದು ವಿಂಗಡಿಸುವವರ ತಲೆಯಲ್ಲಿರುತ್ತದೆ. ಒಂದೇ ಮೆನುವಿನಲ್ಲಿ ಎರಡು ಬಗೆಯ ವಿಂಗಡಣೆಯನ್ನು ಬೆರೆಸಿದರೆ, ಅಂದರೆ ಒಂದು ಕೊಂಡಿ ವಿಷಯದ ಹೆಸರಾಗಿ, ಪಕ್ಕದ್ದು ಓದುಗವರ್ಗದ ಹೆಸರಾಗಿ, ಅದರಾಚೆಗಿನದು ಕೆಲಸದ ಹೆಸರಾಗಿ ಇದ್ದರೆ, ಓದುಗರು ತಮ್ಮ ಪ್ರಶ್ನೆ ಎಲ್ಲಿ ಸೇರುತ್ತದೆಂದು ಪ್ರತಿ ಬಾರಿಯೂ ಊಹಿಸಬೇಕಾಗುತ್ತದೆ.

ಪ್ರಶ್ನೆ: ಓದುಗರ ಮನಸ್ಸಿನಲ್ಲಿರುವ ವಿಂಗಡಣೆಯನ್ನು ತಿಳಿಯುವುದು ಹೇಗೆ?

ಕಾರ್ಡ್ ಜೋಡಣೆ ಎಂಬ ಸರಳ ವಿಧಾನವಿದೆ. ತಾಣದ ಒಂದೊಂದು ವಿಷಯವನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಅವುಗಳನ್ನು ತಮಗೆ ಸರಿಯೆನಿಸಿದಂತೆ ಗುಂಪು ಮಾಡಿ ಹೆಸರಿಡಲು ಓದುಗರಿಗೇ ಕೊಡಬೇಕು. ಇದು ಮುಕ್ತ ಜೋಡಣೆ. ಗುಂಪುಗಳ ಹೆಸರನ್ನು ನಾವೇ ಕೊಟ್ಟು ಚೀಟಿಗಳನ್ನು ಹಂಚಲು ಹೇಳಿದರೆ ಅದು ಮುಚ್ಚಿದ ಜೋಡಣೆ. ಜನರು ಚೀಟಿಯೊಂದನ್ನು ಹಿಡಿದು ತಡೆಯುವ ಕ್ಷಣವನ್ನು, ಜೋರಾಗಿ ಹೇಳಿಕೊಳ್ಳುವ ಮಾತನ್ನು ಬರೆದಿಟ್ಟುಕೊಳ್ಳಬೇಕು. ಕೊನೆಗೆ ಸಿಗುವ ಅಂಕಿಗಳಿಗಿಂತ ಆ ಟಿಪ್ಪಣಿಗಳೇ ಹೆಚ್ಚು ಕಲಿಸುತ್ತವೆ.

ಹೀಗೆ ರೂಪುಗೊಂಡ ರಚನೆಯನ್ನು ಒಪ್ಪಿಕೊಳ್ಳುವ ಮೊದಲು ಉಲ್ಟಾ ದಿಕ್ಕಿನಿಂದ ಪರೀಕ್ಷಿಸಬೇಕು. ಬಣ್ಣವಿಲ್ಲದ, ಚಿತ್ರವಿಲ್ಲದ, ಬರಿಯ ಮೆನುವಿನ ಹೆಸರುಗಳನ್ನು ತೋರಿಸಿ, ಇಂಥ ಉತ್ತರ ಎಲ್ಲಿ ಸಿಗಬಹುದು ಎಂದು ಕೇಳುವುದು ಇದರ ಕ್ರಮ. ರಚನೆಯ ದೋಷ ಈ ಹಂತದಲ್ಲಿ ಕಂಡರೆ ತಿದ್ದುವುದಕ್ಕೆ ಒಂದು ಮಧ್ಯಾಹ್ನ ಸಾಕು. ಪುಟಗಳೆಲ್ಲ ಸಿದ್ಧವಾದ ಮೇಲೆ ಕಂಡರೆ ಅದನ್ನು ತಿದ್ದಲು ಯಾರಿಗೂ ಮನಸ್ಸಾಗುವುದಿಲ್ಲ.

ಪ್ರಶ್ನೆ: ಮೆನುವಿನಲ್ಲಿ ಏಳಕ್ಕಿಂತ ಹೆಚ್ಚು ಅಂಶಗಳು ಇರಬಾರದು ಎಂಬುದು ನಿಜವೇ?

ಇದು ತಪ್ಪು ತಿಳಿವಳಿಕೆ. ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಪ್ರಬಂಧ ಮನುಷ್ಯರು ತಾತ್ಕಾಲಿಕವಾಗಿ ನೆನಪಿನಲ್ಲಿ ಇಟ್ಟುಕೊಳ್ಳಬಲ್ಲ ಅಂಶಗಳ ಮಿತಿಯನ್ನು ಏಳರ ಆಸುಪಾಸಿನಲ್ಲಿ ಗುರುತಿಸಿತ್ತು. ಮೆನುವನ್ನು ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲ, ಅದು ಕಣ್ಣೆದುರೇ ಇರುತ್ತದೆ. ಹೆಸರುಗಳು ಒಂದಕ್ಕಿಂತ ಒಂದು ಸ್ಪಷ್ಟವಾಗಿ ಬೇರೆಯಾಗಿದ್ದರೆ ಹನ್ನೆರಡು ಅಂಶಗಳೂ ಹೊರೆಯಲ್ಲ. ಅಸ್ಪಷ್ಟವಾಗಿದ್ದರೆ ಐದೂ ಹೆಚ್ಚೇ. ಏಳರ ಲೆಕ್ಕಕ್ಕೆ ತರಲೆಂದು ಸಂಬಂಧವಿಲ್ಲದ ವಿಷಯಗಳನ್ನು ಸೇವೆಗಳು, ಸಂಪನ್ಮೂಲಗಳು, ಇತರೆ ಎಂಬ ಹೆಸರುಗಳ ಕೆಳಗೆ ತುರುಕುವುದು ಓದುಗರಿಗೆ ಮಾಡುವ ದೊಡ್ಡ ಅನ್ಯಾಯ.

ಪ್ರಶ್ನೆ: ಯಾವ ಪುಟವಾದರೂ ಮೂರು ಕ್ಲಿಕ್‌ಗಳೊಳಗೆ ಸಿಗಬೇಕಲ್ಲವೇ?

ಕ್ಲಿಕ್‌ಗಳ ಸಂಖ್ಯೆಗಿಂತ ಪ್ರತಿ ಕ್ಲಿಕ್ಕಿನ ಮುಂಚಿನ ಅನುಮಾನ ಹೆಚ್ಚು ದಣಿಸುತ್ತದೆ. ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿದ್ದ ಪೀಟರ್ ಪಿರೋಲಿ ಮತ್ತು ಸ್ಟುವರ್ಟ್ ಕಾರ್ಡ್ 1990ರ ದಶಕದಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಮಾಹಿತಿ ಅರಸುವವರು ಆಹಾರ ಅರಸುವ ಪ್ರಾಣಿಗಳಂತೆ ವಾಸನೆ ಹಿಡಿದು ಸಾಗುತ್ತಾರೆ. ಕೊಂಡಿಯ ಪದಗಳು, ಅದರ ಸುತ್ತಲಿನ ವಿವರಣೆ ಮತ್ತು ಪುಟದಲ್ಲಿ ಅದಿರುವ ಜಾಗ ಸೇರಿ ಆ ವಾಸನೆಯಾಗುತ್ತದೆ. ಪ್ರತಿ ಹೆಜ್ಜೆಯಲ್ಲೂ ಉತ್ತರ ಹತ್ತಿರವಾಗುತ್ತಿದೆ ಎಂಬ ಭರವಸೆ ಬಲವಾಗುತ್ತಿದ್ದರೆ ಐದನೆಯ ಕ್ಲಿಕ್ಕಿಗೂ ಬೇಸರವಾಗದು. ಭರವಸೆ ಕುಂದಿದರೆ ಓದುಗರು ಎರಡನೆಯದರಲ್ಲೇ ಹಿಂದಿರುಗುತ್ತಾರೆ. ಆದ್ದರಿಂದ ಕೊಂಡಿಯ ಮಾತು ಮತ್ತು ಅದು ತೆರೆಯುವ ಪುಟದ ಶೀರ್ಷಿಕೆ ಒಂದನ್ನೊಂದು ಹೋಲಬೇಕು. ಸರಿಯಾದ ಪುಟಕ್ಕೆ ಬಂದಿದ್ದೇನೆ ಎಂಬ ಖಾತ್ರಿ ಓದುಗರಿಗೆ ಸಿಗುವುದು ಆ ಹೋಲಿಕೆಯಿಂದ.

ಪ್ರಶ್ನೆ: ಕೊಂಡಿಗಳಿಗೆ ಇಲ್ಲಿ ಕ್ಲಿಕ್ ಮಾಡಿ ಎಂದು ಬರೆಯಬಹುದೇ?

ಬರೆಯಬಾರದು. ಪರದೆ ಓದುವ ತಂತ್ರಾಂಶ ಬಳಸುವವರು ಪುಟದ ಕೊಂಡಿಗಳನ್ನಷ್ಟೇ ಪಟ್ಟಿಯಾಗಿ ಕೇಳಿಸಿಕೊಳ್ಳುವುದುಂಟು, ಆಗ ಅವರಿಗೆ ಇಲ್ಲಿ, ಇಲ್ಲಿ, ಇಲ್ಲಿ ಎಂದಷ್ಟೇ ಕೇಳಿಸುತ್ತದೆ. ಕಣ್ಣಾಡಿಸಿ ಓದುವವರಿಗೂ ಕೊಂಡಿಯ ಬಣ್ಣದಲ್ಲಿ ಎದ್ದು ಕಾಣುವ ಪದವೇ ಅರ್ಥಹೀನವಾಗಿರುತ್ತದೆ. ಕೊಂಡಿ ಎಲ್ಲಿಗೆ ಒಯ್ಯುತ್ತದೋ ಅದರ ಹೆಸರೇ ಕೊಂಡಿಯಾಗಲಿ: ಅರ್ಜಿ ನಮೂನೆಯನ್ನು ಇಳಿಸಿಕೊಳ್ಳಿ, ಹಿಂದಿನ ವರ್ಷಗಳ ವರದಿಗಳು, ಪ್ರವೇಶದ ಅರ್ಹತೆಗಳು. ಪುಟದ ಬದಲು ಕಡತ ತೆರೆಯುವುದಾದರೆ ಅದರ ಬಗೆ ಮತ್ತು ಗಾತ್ರವನ್ನೂ ಅಲ್ಲೇ ತಿಳಿಸಬೇಕು.

ಪ್ರಶ್ನೆ: ಜನರು ಜಾಲಪುಟಗಳನ್ನು ನಿಜವಾಗಿ ಓದುತ್ತಾರೆಯೇ?

ಮೊದಲು ಕಣ್ಣಾಡಿಸುತ್ತಾರೆ, ತಮಗೆ ಬೇಕಾದದ್ದು ಇಲ್ಲಿದೆ ಎನಿಸಿದ ಮೇಲೆ ಓದುತ್ತಾರೆ. ತಾಣಗಳ ಬಳಕೆಯ ಸುಲಭತೆಯನ್ನು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 1997ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ಶೇ 79ರಷ್ಟು ಜನರು ಹೊಸ ಪುಟವನ್ನು ಕಣ್ಣಾಡಿಸಿದ್ದರು, ಪದ ಪದವನ್ನೂ ಓದಿದವರು ಶೇ 16 ಮಾತ್ರ. 2006ರಲ್ಲಿ ಅವರ ಸಂಸ್ಥೆ ಕಣ್ಣಿನ ಚಲನೆಯನ್ನು ದಾಖಲಿಸಿದಾಗ, ನೋಟವು ಮೇಲಿನ ಒಂದೆರಡು ಸಾಲುಗಳಲ್ಲಿ ಅಡ್ಡಡ್ಡ ಸಾಗಿ, ಬಳಿಕ ಎಡ ಅಂಚಿನಗುಂಟ ಕೆಳಗಿಳಿಯುವ ವಿನ್ಯಾಸವೊಂದು ಕಂಡುಬಂತು. ಇಂಗ್ಲಿಷಿನ ಎಫ್ ಅಕ್ಷರವನ್ನು ಹೋಲುವ ಈ ಆಕಾರವನ್ನು ಅನೇಕರು ಅನುಸರಿಸಬೇಕಾದ ಮಾದರಿಯೆಂದು ತಿಳಿದು, ಮುಖ್ಯವಾದ ಚಿತ್ರಗಳನ್ನು ಆ ಆಕಾರದಲ್ಲೇ ಜೋಡಿಸಲು ಹೊರಟರು. ಅದು ಹಾಗಲ್ಲ. ಉಪಶೀರ್ಷಿಕೆಗಳಿಲ್ಲದ ದಟ್ಟ ಬರಹದೆದುರು ದಾರಿ ಕಾಣದ ಓದುಗರ ಕಣ್ಣು ಹಿಡಿಯುವ ಅಡ್ಡದಾರಿ ಅದು. ಹಾಗೆ ಓದಿದಾಗ ಬಲಬದಿಯ ಮತ್ತು ಕೆಳಭಾಗದ ಮುಖ್ಯ ಮಾತುಗಳು ತಪ್ಪಿಹೋಗುತ್ತವೆ.

ಪರಿಹಾರ ಬರವಣಿಗೆಯಲ್ಲಿದೆ. ತೀರ್ಮಾನವನ್ನು ಮೊದಲು ಹೇಳಿ, ಕಾರಣ ಮತ್ತು ಹಿನ್ನೆಲೆಯನ್ನು ಆಮೇಲೆ ಹೇಳಬೇಕು. ಪ್ರತಿ ಪರಿಚ್ಛೇದಕ್ಕೂ ಒಂದೇ ವಿಷಯ ಸಾಕು. ಉಪಶೀರ್ಷಿಕೆಯನ್ನಷ್ಟೇ ಓದಿದವರಿಗೂ ಪುಟದ ಸಾರ ಸಿಗುವಂತಿರಬೇಕು: ಶುಲ್ಕ ಎಂಬ ಒಂಟಿ ಪದಕ್ಕಿಂತ ಶುಲ್ಕವನ್ನು ಯಾವಾಗ ಮತ್ತು ಹೇಗೆ ಕಟ್ಟಬೇಕು ಎಂಬುದು ಉಪಯುಕ್ತ. ವಾಕ್ಯದ ಮುಖ್ಯಪದವನ್ನು ಆದಷ್ಟು ಮುಂದಕ್ಕೆ ತರಬೇಕು. ಬರಹ ಚಿಕ್ಕದಾಗಲೇಬೇಕೆಂದು ಇದರರ್ಥವಲ್ಲ. ತನಗೆ ಬೇಕಾದ ವಿಷಯದ ಬಗ್ಗೆ ಓದುಗ ಎಷ್ಟು ದೀರ್ಘವಾದುದನ್ನಾದರೂ ಓದುತ್ತಾನೆ, ತನಗೆ ಬೇಕಾದದ್ದು ಅಲ್ಲಿದೆ ಎಂಬುದು ಮೊದಲು ಕಾಣಬೇಕು ಅಷ್ಟೆ.

ಪ್ರಶ್ನೆ: ಒಳ್ಳೆಯ ಹುಡುಕಾಟ ಪೆಟ್ಟಿಗೆ ಇದ್ದರೆ ಮೆನುವಿನ ಅಗತ್ಯವಿದೆಯೇ?

ಇದೆ. ಹುಡುಕಲು ಪದ ಗೊತ್ತಿರಬೇಕು, ಎಷ್ಟೋ ಬಾರಿ ಓದುಗರಿಗೆ ಗೊತ್ತಿಲ್ಲದಿರುವುದು ಅದೇ. ಏನೇನು ಇದೆ ಎಂಬುದನ್ನು ಮೆನು ತೋರಿಸುತ್ತದೆ, ಇದೆಯೆಂದು ಗೊತ್ತಿರುವುದಕ್ಕೆ ಹುಡುಕಾಟ ನೇರವಾಗಿ ಕರೆದೊಯ್ಯುತ್ತದೆ. ಫಲಿತಾಂಶ ಸಿಗದ ಹುಡುಕಾಟಗಳ ದಾಖಲೆಯನ್ನು ನಿಯಮಿತವಾಗಿ ನೋಡಬೇಕು.

ಪ್ರಶ್ನೆ: ಮೂರು ಗೆರೆಗಳ ಗುಂಡಿಯೊಳಗೆ ಮೆನುವನ್ನು ಅಡಗಿಸುವುದು ಸರಿಯೇ?

ಆ ಚಿಹ್ನೆ 1981ರ ಜೆರಾಕ್ಸ್ ಸ್ಟಾರ್ ಗಣಕಕ್ಕಾಗಿ ನಾರ್ಮ್ ಕಾಕ್ಸ್ ಬರೆದದ್ದು. ಸಣ್ಣ ಪರದೆಗಳ ಕಾಲದಲ್ಲಿ ಮತ್ತೆ ಹರಡಿತು. ಮೊಬೈಲಿನಲ್ಲಿ ಜಾಗವಿಲ್ಲದಿರುವಾಗ ಬಳಸಬಹುದು, ಆದರೆ ಪಕ್ಕದಲ್ಲಿ ಮೆನು ಎಂದು ಬರೆದರೆ ಗೊಂದಲ ಕಡಿಮೆ. ಜಾಗ ಧಾರಾಳವಾಗಿರುವ ದೊಡ್ಡ ಪರದೆಯಲ್ಲೂ ಮೆನುವನ್ನು ಬಚ್ಚಿಡುವುದಕ್ಕೆ ಸಮರ್ಥನೆಯಿಲ್ಲ. ಕಾಣದ್ದನ್ನು ಜನರು ಬಳಸುವುದಿಲ್ಲ.

ಪ್ರಶ್ನೆ: ಮುಖಪುಟದಲ್ಲಿ ತಾನಾಗಿ ಸರಿಯುವ ಚಿತ್ರಗಳ ಸಾಲು ಇರಬೇಕೇ?

ಸಂಸ್ಥೆಯೊಳಗಿನ ಎಲ್ಲರಿಗೂ ಮುಖಪುಟದಲ್ಲಿ ಸ್ಥಾನ ಕೊಡುವ ರಾಜಿಸೂತ್ರವಾಗಿ ಇದು ಬಳಕೆಯಲ್ಲಿದೆ. ಓದುಗರಿಗೆ ಇದರಿಂದ ಲಾಭವಿಲ್ಲ. ಓದಿ ಮುಗಿಸುವ ಮೊದಲೇ ಚಿತ್ರ ಸರಿಯುತ್ತದೆ, ಜಾಹೀರಾತಿನಂತೆ ಕಾಣುವುದರಿಂದ ಕಣ್ಣು ಅದನ್ನು ದಾಟಿಹೋಗುತ್ತದೆ. ಇಟ್ಟುಕೊಳ್ಳಲೇಬೇಕಾದರೆ, ತಾನಾಗಿ ಆರಂಭವಾಗಿ 5 ಸೆಕೆಂಡುಗಳಿಗಿಂತ ಹೆಚ್ಚು ಹೊತ್ತು ಚಲಿಸುವ ಯಾವುದನ್ನಾದರೂ ನಿಲ್ಲಿಸುವ ಸೌಲಭ್ಯ ಕೊಡಬೇಕೆಂದು ಜಾಲತಾಣ ಪ್ರವೇಶಸಾಧ್ಯತೆಯ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ.

ಪ್ರಶ್ನೆ: ಆ ಮಾರ್ಗಸೂಚಿ ಯಾವುದು, ಅದನ್ನು ಎಲ್ಲ ತಾಣಗಳೂ ಪಾಲಿಸಬೇಕೇ?

ವೆಬ್ಬಿನ ಮಾನದಂಡಗಳನ್ನು ರೂಪಿಸುವ ಸಂಸ್ಥೆಯಾದ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಪ್ರಕಟಿಸುವ ಡಬ್ಲ್ಯುಸಿಎಜಿ ಎಂಬ ಮಾರ್ಗಸೂಚಿ ಅದು. ಮೊದಲ ಆವೃತ್ತಿ 1999ರಲ್ಲಿ ಬಂತು, 2.0 ಆವೃತ್ತಿ 2008ರಲ್ಲಿ, 2.1 ಆವೃತ್ತಿ 2018ರಲ್ಲಿ, 2.2 ಆವೃತ್ತಿ 2023ರಲ್ಲಿ. ವಿಷಯವು ಗ್ರಹಿಸಬಲ್ಲದ್ದಾಗಿರಬೇಕು, ನಿರ್ವಹಿಸಬಲ್ಲದ್ದಾಗಿರಬೇಕು, ಅರ್ಥವಾಗುವಂತಿರಬೇಕು ಮತ್ತು ಬೇರೆ ಬೇರೆ ಸಾಧನಗಳಲ್ಲಿ ಗಟ್ಟಿಯಾಗಿ ನಿಲ್ಲಬೇಕು ಎಂಬ ನಾಲ್ಕು ತತ್ವಗಳ ಮೇಲೆ 2.0 ಮತ್ತು ಅದರ ನಂತರದ ಆವೃತ್ತಿಗಳು ಕಟ್ಟಿಕೊಂಡಿವೆ. ಎ, ಎಎ, ಎಎಎ ಎಂಬ ಮೂರು ಮಟ್ಟಗಳಿದ್ದು, ಸಾಮಾನ್ಯವಾಗಿ ಎಎ ಮಟ್ಟವನ್ನು ಗುರಿಯಾಗಿ ಇಟ್ಟುಕೊಳ್ಳುತ್ತಾರೆ. ಅನೇಕ ದೇಶಗಳಲ್ಲಿ ಸರ್ಕಾರಿ ತಾಣಗಳಿಗೆ ಇದು ಕಾನೂನಿನ ಅಗತ್ಯ. ಉಳಿದವರೂ ಪಾಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಪಾಲಿಸದ ತಾಣವು ಕೆಲವರ ಮುಖಕ್ಕೆ ಬಾಗಿಲು ಹಾಕಿದಂತೆ, ಮತ್ತು ಹೊರಗುಳಿದವರ ದನಿ ಒಳಗಿರುವವರಿಗೆ ಕೇಳಿಸುವುದೂ ಇಲ್ಲ.

ಕೆಲವು ನಿಯಮಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದು ಸುಲಭ. ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ನಡುವಿನ ವೈದೃಶ್ಯ ಕನಿಷ್ಠ 4.5ಕ್ಕೆ 1ರ ಅನುಪಾತದಲ್ಲಿರಬೇಕು, ದೊಡ್ಡ ಅಕ್ಷರಗಳಿಗೆ 3ಕ್ಕೆ 1 ಸಾಕು. ಬಿಳಿಯ ಮೇಲೆ ತಿಳಿಬೂದು ಅಕ್ಷರಗಳನ್ನು ಇಷ್ಟಪಡುವ ಇಂದಿನ ಅಭಿರುಚಿ ಇಲ್ಲೇ ಸೋಲುತ್ತದೆ. ಅಕ್ಷರಗಳನ್ನು 200 ಪ್ರತಿಶತಕ್ಕೆ ಹಿಗ್ಗಿಸಿದರೂ ವಿಷಯ ಮರೆಯಾಗಬಾರದು. ಒತ್ತುವ ಗುಂಡಿಗಳು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕನಿಷ್ಠ 24 ಪಿಕ್ಸೆಲ್ ಅಗಲ ಮತ್ತು ಎತ್ತರ ಇರಬೇಕೆಂದು 2.2 ಆವೃತ್ತಿ ಹೇಳುತ್ತದೆ. ಮೌಸ್ ಮುಟ್ಟದೆ ಕೀಲಿಮಣೆಯಿಂದಲೇ ಇಡೀ ತಾಣವನ್ನು ಬಳಸಲು ಸಾಧ್ಯವಿರಬೇಕು, ಮತ್ತು ಈಗ ಯಾವ ಅಂಶದ ಮೇಲೆ ಇದ್ದೇವೆ ಎಂಬುದು ಕಾಣುತ್ತಿರಬೇಕು. ತಪ್ಪನ್ನು ಕೆಂಪಿನಿಂದ ಮಾತ್ರ ಸೂಚಿಸಿದರೆ ಕೆಂಪು ಹಸಿರುಗಳ ಭೇದ ಕಾಣದವರಿಗೆ ಅದು ತಿಳಿಯುವುದಿಲ್ಲ, ಆದ್ದರಿಂದ ಮಾತಿನಲ್ಲೂ ಹೇಳಬೇಕು. ಚಿತ್ರ ಕಾಣದವರಿಗೆ ಓದಿ ಹೇಳಲೆಂದು ಅದಕ್ಕೆ ಬದಲಿ ಪಠ್ಯ ಬರೆಯುವಾಗ ಚಿತ್ರದಲ್ಲಿ ಏನಿದೆ ಎಂದು ವರ್ಣಿಸುವುದಕ್ಕಿಂತ, ಆ ಚಿತ್ರ ಇಲ್ಲಿ ಯಾವ ಮಾತನ್ನು ಹೇಳುತ್ತಿದೆ ಎಂದು ಕೇಳಿಕೊಳ್ಳಬೇಕು. ಬರಿಯ ಅಲಂಕಾರದ ಚಿತ್ರವಾದರೆ ಬದಲಿ ಪಠ್ಯವನ್ನು ಖಾಲಿ ಬಿಡುವುದೇ ಸರಿ.

ಪ್ರಶ್ನೆ: ಅರ್ಜಿ ನಮೂನೆಗಳನ್ನು ಜನರು ಅರ್ಧಕ್ಕೇ ಬಿಟ್ಟುಹೋಗುತ್ತಾರೆ. ಏನು ಮಾಡಬೇಕು?

ಮೊದಲು ಪ್ರತಿ ಪ್ರಶ್ನೆಯ ಮುಂದೆಯೂ ಈ ಉತ್ತರವನ್ನು ನಾವು ಯಾವುದಕ್ಕೆ ಬಳಸುತ್ತೇವೆ ಎಂದು ಬರೆದು ನೋಡಬೇಕು. ಉತ್ತರ ಬರೆಯಲಾಗದ ಪ್ರಶ್ನೆಯನ್ನು ತೆಗೆದುಹಾಕಬೇಕು. ಮುಂದೆಂದಾದರೂ ಬೇಕಾಗಬಹುದು ಎಂಬ ಕಾರಣಕ್ಕೆ ಕೇಳುವ ಜನ್ಮದಿನಾಂಕ, ಎರಡನೆಯ ದೂರವಾಣಿ ಸಂಖ್ಯೆ ಇವೆಲ್ಲ ಅರ್ಜಿಯ ಉದ್ದವನ್ನಷ್ಟೇ ಅಲ್ಲ, ಓದುಗರ ಸಂಶಯವನ್ನೂ ಹೆಚ್ಚಿಸುತ್ತವೆ.

ಉಳಿದ ಪ್ರಶ್ನೆಗಳ ಹೆಸರು ಪೆಟ್ಟಿಗೆಯ ಮೇಲೆ ಸ್ಥಿರವಾಗಿ ಇರಬೇಕು. ಪೆಟ್ಟಿಗೆಯ ಒಳಗೆ ಮಸುಕಾಗಿ ಬರೆದ ಸೂಚನೆ, ಬರೆಯಲು ತೊಡಗಿದ ಕೂಡಲೇ ಮಾಯವಾಗುತ್ತದೆ; ನಡುವೆ ಯಾರೋ ಕರೆದು ಎದ್ದುಹೋಗಿ ಬಂದವರಿಗೆ ಆ ಪೆಟ್ಟಿಗೆ ಏನನ್ನು ಕೇಳುತ್ತಿತ್ತೆಂದು ತಿಳಿಯುವುದಿಲ್ಲ. ಒಂದು ಅಂಕಣದಲ್ಲಿ ಮೇಲಿನಿಂದ ಕೆಳಕ್ಕೆ ಸಾಗುವ ನಮೂನೆ ಎರಡು ಅಂಕಣಗಳದ್ದಕ್ಕಿಂತ ಸುರಕ್ಷಿತ. ಯಾವ ದಾಖಲೆಗಳು ಬೇಕಾಗುತ್ತವೆ ಎಂಬುದನ್ನು ಆರಂಭದಲ್ಲೇ ಹೇಳಬೇಕು, ಒಂಬತ್ತನೆಯ ಹಂತದಲ್ಲಿ ಅಲ್ಲ.

ತಪ್ಪಾದಾಗಿನ ಮಾತಿನಲ್ಲಿ ತಾಣದ ಸ್ವಭಾವ ಬಯಲಾಗುತ್ತದೆ. ಅಮಾನ್ಯ ಎಂಬ ಒಂದೇ ಪದ ಬಯ್ದಂತೆ ಕೇಳಿಸುತ್ತದೆ. ದೂರವಾಣಿ ಸಂಖ್ಯೆಯಲ್ಲಿ 10 ಅಂಕಿಗಳಿರಬೇಕು, ನೀವು ಬರೆದಿರುವುದರಲ್ಲಿ 9 ಇವೆ ಎಂಬ ಮಾತು ಕೈಹಿಡಿದು ನಡೆಸುತ್ತದೆ. ಈ ಮಾತು ತಪ್ಪಾದ ಪೆಟ್ಟಿಗೆಯ ಪಕ್ಕದಲ್ಲೇ ಕಾಣಬೇಕು, ಮತ್ತು ಸರಿಯಾಗಿ ತುಂಬಿದ ಉಳಿದ ಉತ್ತರಗಳು ಎಂದಿಗೂ ಅಳಿಸಿಹೋಗಬಾರದು. ಸಂಖ್ಯೆಯ ನಡುವೆ ಓದುಗರು ಬಿಟ್ಟ ಖಾಲಿ ಜಾಗವನ್ನು ತಪ್ಪೆನ್ನುವ ನಮೂನೆಗಳು ಇನ್ನೂ ಇವೆ. ಅದನ್ನು ತೆಗೆದುಹಾಕುವುದು ಗಣಕದ ಕೆಲಸ. ಒಂದೇ ಪ್ರಕ್ರಿಯೆಯಲ್ಲಿ ಒಮ್ಮೆ ಕೊಟ್ಟ ಮಾಹಿತಿಯನ್ನು ಮತ್ತೆ ಬರೆಯಿಸಬಾರದೆಂಬುದು ಮೇಲೆ ಹೇಳಿದ ಡಬ್ಲ್ಯುಸಿಎಜಿಯ 2.2 ಆವೃತ್ತಿಯಲ್ಲಿ ನಿಯಮವಾಗಿಯೇ ಸೇರಿದೆ.

ಪ್ರಶ್ನೆ: ಕನ್ನಡದಂತಹ ಲಿಪಿಗಳ ತಾಣಗಳಿಗೆ ವಿಶೇಷವಾಗಿ ಗಮನಿಸಬೇಕಾದ್ದು ಏನಾದರೂ ಇದೆಯೇ?

ಬಹಳಷ್ಟಿದೆ, ಏಕೆಂದರೆ ಸಿದ್ಧವಾಗಿ ಸಿಗುವ ವಿನ್ಯಾಸಗಳು ಬಹುಪಾಲು ಲ್ಯಾಟಿನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಒತ್ತಕ್ಷರಗಳು ಸಾಲಿನ ಕೆಳಗೂ ಸ್ವರಚಿಹ್ನೆಗಳು ಮೇಲೂ ಚಾಚಿಕೊಳ್ಳುವುದರಿಂದ ಸಾಲುಗಳ ನಡುವಿನ ಅಂತರ ಹೆಚ್ಚು ಬೇಕು; ಇಲ್ಲವಾದರೆ ಗುಂಡಿಗಳಲ್ಲಿ ಮತ್ತು ಮೆನುಗಳಲ್ಲಿ ಒತ್ತುಗಳು ಕತ್ತರಿಸಿಹೋಗುತ್ತವೆ. ಅಕ್ಷರಗಳ ನಡುವೆ ಅಂತರ ಹಿಗ್ಗಿಸುವ ಶೈಲಿ ಪದವನ್ನು ಚೂರು ಮಾಡುತ್ತದೆ. ಓರೆ ಅಕ್ಷರ ಈ ಲಿಪಿಯ ಪರಂಪರೆಯಲ್ಲಿಲ್ಲ, ಗಣಕವು ಕೃತಕವಾಗಿ ಓರೆ ಮಾಡಿದ ಅಕ್ಷರಗಳನ್ನು ಓದುವುದು ಹಿಂಸೆ. ಒತ್ತು ಕೊಡಲು ದಪ್ಪಕ್ಷರ ಸಾಕು.

ಲಿಪಿಗಳ ಅಕ್ಷರಗಳನ್ನು ಗಣಕದಲ್ಲಿ ಸಂಕೇತಗಳಾಗಿ ಉಳಿಸುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ಕ್ಷ ಎಂಬ ಒಂದು ಅಕ್ಷರ ಕ, ಸ್ವರವನ್ನು ಅಳಿಸುವ ಹಲಂತ ಚಿಹ್ನೆ ಮತ್ತು ಷ ಎಂಬ ಮೂರು ಸಂಕೇತಗಳಿಂದ ಆಗುತ್ತದೆ. ಶೀರ್ಷಿಕೆಯನ್ನು ಇಂತಿಷ್ಟು ಸಂಕೇತಗಳಿಗೆ ಕತ್ತರಿಸುವ ತಂತ್ರಾಂಶ ಅಕ್ಷರದ ನಡುವೆಯೇ ಕತ್ತರಿ ಹಾಕಿಬಿಡಬಹುದು. ಕಣ್ಣಿಗೆ ಕಾಣದ ಜೋಡಕ ಮತ್ತು ಬೇರ್ಪಡಕ ಸಂಕೇತಗಳು ಕೆಲವು ಪದಗಳೊಳಗೆ ಇರುತ್ತವೆ, ಹುಡುಕಾಟವು ಅವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡದಿದ್ದರೆ ಇರುವ ಪುಟವೂ ಸಿಗುವುದಿಲ್ಲ. ಪುಟದ ಭಾಷೆ ಯಾವುದೆಂದು ಎಚ್‌ಟಿಎಂಎಲ್‌ನಲ್ಲಿ ಘೋಷಿಸಿದರೆ ಪರದೆ ಓದುವ ತಂತ್ರಾಂಶ ಸರಿಯಾದ ಉಚ್ಚಾರಣೆಯನ್ನು ಆರಿಸಿಕೊಳ್ಳುತ್ತದೆ. ಯೂನಿಕೋಡ್‌ಗೆ ಹಿಂದಿನ ಫಾಂಟ್‌ಗಳಲ್ಲಿ ಟೈಪಾದ ಹಳೆಯ ಬರಹವನ್ನು, ಅಥವಾ ಬರಹದ ಚಿತ್ರವನ್ನು, ಹಾಗೆಯೇ ಏರಿಸುವುದಂತೂ ಅದನ್ನು ಹೂತಿಟ್ಟಂತೆ. ಅದನ್ನು ಹುಡುಕಲೂ ಆಗದು, ಕೇಳಲೂ ಆಗದು, ಹಿಗ್ಗಿಸಿ ಓದಲೂ ಆಗದು.

ಪ್ರಶ್ನೆ: ಪುಟ ತೆರೆಯುವ ವೇಗವೂ ವಿನ್ಯಾಸದ ಪ್ರಶ್ನೆಯೇ?

ಹೌದು. ಪುಟದಲ್ಲಿ ಎಷ್ಟು ಚಿತ್ರ, ಎಷ್ಟು ಫಾಂಟ್, ಎಷ್ಟು ಚಲನೆ ಇರಬೇಕೆಂದು ತೀರ್ಮಾನಿಸುವವರೇ ಅದರ ತೂಕವನ್ನೂ ತೀರ್ಮಾನಿಸುತ್ತಾರೆ. ದಶಕಗಳಿಂದ ಬದಲಾಗದ ಮೂರು ಮಿತಿಗಳನ್ನು ನೀಲ್ಸನ್ ಹೇಳುತ್ತಾರೆ: 0.1 ಸೆಕೆಂಡಿನೊಳಗಿನ ಪ್ರತಿಕ್ರಿಯೆ ತಕ್ಷಣದ್ದೆನಿಸುತ್ತದೆ, 1 ಸೆಕೆಂಡಿನವರೆಗೆ ಯೋಚನೆಯ ಎಳೆ ಕಡಿಯುವುದಿಲ್ಲ, 10 ಸೆಕೆಂಡು ದಾಟಿದರೆ ಗಮನ ಬೇರೆಡೆಗೆ ಹೋಗುತ್ತದೆ. ಗೂಗಲ್ ಈಗ ಅಳೆಯುವ ಮಾನದಂಡಗಳು ಇದಕ್ಕೆ ಹತ್ತಿರವಾಗಿವೆ: ಪುಟದ ಅತಿ ದೊಡ್ಡ ಅಂಶ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು, ಮತ್ತು ತೆರೆದುಕೊಳ್ಳುವಾಗ ವಿಷಯ ಜಾಗ ಬದಲಿಸುವುದನ್ನು ಅಳೆಯುವ ಅಂಕ 0.1ರ ಒಳಗಿರಬೇಕು. ಕೊನೆಯದನ್ನು ಸಾಧಿಸಲು ಚಿತ್ರಗಳ ಅಗಲ ಮತ್ತು ಎತ್ತರವನ್ನು ಮೊದಲೇ ನಮೂದಿಸುವುದು ಬಹಳ ನೆರವಾಗುತ್ತದೆ. ಹೊಸ ದುಬಾರಿ ಫೋನಿನಲ್ಲಿ, ಕಚೇರಿಯ ಸಂಪರ್ಕದಲ್ಲಿ ಪರೀಕ್ಷಿಸಿ ತೃಪ್ತರಾಗಬಾರದು.

ಪ್ರಶ್ನೆ: ಐದು ಜನರೊಡನೆ ಪರೀಕ್ಷಿಸಿದರೆ ಸಾಕೆನ್ನುತ್ತಾರೆ. ಅದು ಹೇಗೆ ಸಾಕು?

ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಕಟ್ಟಿದ ಗಣಿತದ ಮಾದರಿಯಿಂದ ಈ ಸಂಖ್ಯೆ ಬಂದಿದೆ. ಅವರ ಅಧ್ಯಯನಗಳಲ್ಲಿ ಒಬ್ಬ ವ್ಯಕ್ತಿಯಿಂದ ಸರಾಸರಿ ಶೇ 31ರಷ್ಟು ತೊಡಕುಗಳು ಬಯಲಾಗುತ್ತಿದ್ದವು. ಆ ಲೆಕ್ಕದಲ್ಲಿ ಐವರಿಂದ ಶೇ 85ರಷ್ಟು ಸಿಗುತ್ತವೆ, ಆರನೆಯವರಿಂದ ಹೊಸತು ಸಿಗುವುದು ಕಡಿಮೆ. ಇದರ ಒಳಗಿರುವ ಷರತ್ತುಗಳನ್ನು ಮರೆಯಬಾರದು. ಆ ಐವರು ಒಂದೇ ಬಗೆಯ ಓದುಗರಾಗಿರಬೇಕು. ವಿದ್ಯಾರ್ಥಿಗಳೂ ಅವರ ಪಾಲಕರೂ ಬಳಸುವ ತಾಣವಾದರೆ ಎರಡು ಗುಂಪುಗಳಿಂದಲೂ ಜನರು ಬೇಕು. ತೊಡಕು ಕಂಡುಹಿಡಿಯಲು ಐವರು ಸಾಕು, ಶೇಕಡಾವಾರು ಲೆಕ್ಕ ಹೇಳಲು ಸಾಲದು. ಐವರೊಡನೆ ಒಮ್ಮೆ ಮಾಡಿ, ತಿದ್ದಿ, ಮತ್ತೆ ಐವರೊಡನೆ ಮಾಡುವುದು ಹದಿನೈದು ಜನರೊಡನೆ ಒಂದೇ ಸಲ ಮಾಡುವುದಕ್ಕಿಂತ ಮೇಲು ಎಂಬುದೇ ನೀಲ್ಸನ್ ಅವರ ನಿಜವಾದ ವಾದ.

ಪರೀಕ್ಷೆಯಲ್ಲಿ ಅಭಿಪ್ರಾಯ ಕೇಳಬಾರದು, ಕೆಲಸ ಕೊಡಬೇಕು. ಪುಟ ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎಂಬ ಸೌಜನ್ಯದ ಉತ್ತರ ಬರುತ್ತದೆ. ನಿಮ್ಮ ಸದಸ್ಯತ್ವ ಮುಂದಿನ ತಿಂಗಳು ಮುಗಿಯುತ್ತದೆ, ನವೀಕರಿಸಿ ಎಂದು ಹೇಳಿ ಸುಮ್ಮನಿರಬೇಕು. ಕೊಡುವ ಕೆಲಸದ ಮಾತಿನಲ್ಲಿ ಮೆನುವಿನ ಪದಗಳನ್ನು ಬಳಸಬಾರದು, ಬಳಸಿದರೆ ದಾರಿ ಹೇಳಿಕೊಟ್ಟಂತಾಗುತ್ತದೆ. ಅವರು ತಡವರಿಸುವಾಗ ನೆರವಾಗಬೇಕೆಂಬ ಆಸೆಯನ್ನು ಹತ್ತಿಕ್ಕಿಕೊಳ್ಳುವುದು ಬಹಳ ಕಷ್ಟ, ಆದರೆ ಕಲಿಯಬೇಕಾದದ್ದೆಲ್ಲ ಆ ತಡವರಿಕೆಯಲ್ಲಿದೆ.

ಪ್ರಶ್ನೆ: ಓದುಗರನ್ನು ನಮಗೆ ಬೇಕಾದ ಆಯ್ಕೆಯ ಕಡೆಗೆ ತಳ್ಳುವುದು ತಪ್ಪೇ?

ಓದುಗರಿಗೆ ಒಳಿತಾದ ಆಯ್ಕೆಯನ್ನು ಸುಲಭಗೊಳಿಸುವುದು ತಪ್ಪಲ್ಲ. ಅವರು ತಿಳಿದಿದ್ದರೆ ಮಾಡುತ್ತಿರಲಿಲ್ಲವಾದ ಆಯ್ಕೆಯನ್ನು ಅವರಿಂದ ಮಾಡಿಸುವುದು ವಂಚನೆ. ಬಳಕೆದಾರರ ಅನುಭವದ ವಿನ್ಯಾಸಕ ಹ್ಯಾರಿ ಬ್ರಿಗ್ನಲ್ 2010ರಲ್ಲಿ ಇಂಥವುಗಳಿಗೆ ಡಾರ್ಕ್ ಪ್ಯಾಟರ್ನ್ ಎಂಬ ಹೆಸರು ಕೊಟ್ಟರು: ಮೊದಲೇ ಗುರುತು ಹಾಕಿಟ್ಟ ಒಪ್ಪಿಗೆಯ ಪೆಟ್ಟಿಗೆ, ಕೊನೆಯ ಹಂತದಲ್ಲಿ ಸೇರಿಕೊಳ್ಳುವ ಶುಲ್ಕ, ಒಂದೇ ಕ್ಲಿಕ್ಕಿಗೆ ಸೇರಿಸಿಕೊಂಡು ಬಿಡಿಸಿಕೊಳ್ಳಲು ದೂರವಾಣಿ ಮಾಡಿಸುವ ಚಂದಾ, ಬೇಡ ಎನ್ನುವವರನ್ನು ನಾಚಿಸುವ ಮಾತು. ಯುರೋಪಿಯನ್ ಒಕ್ಕೂಟದ 2022ರ ಡಿಜಿಟಲ್ ಸೇವೆಗಳ ಕಾಯ್ದೆ ಇವುಗಳನ್ನು ನಿರ್ಬಂಧಿಸುತ್ತದೆ, ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಇಂಥ 13 ಬಗೆಗಳನ್ನು ಪಟ್ಟಿ ಮಾಡಿ ಮಾರ್ಗಸೂಚಿ ಹೊರಡಿಸಿದೆ. ಕಾನೂನು ಇಲ್ಲದಿದ್ದರೂ ಒಂದು ಪರೀಕ್ಷೆ ಸಾಕು: ಈ ಪುಟ ಹೀಗೇಕೆ ಇದೆ ಎಂಬುದನ್ನು ಓದುಗರ ಎದುರು ನಿಂತು ವಿವರಿಸಲು ಸಾಧ್ಯವೇ?

ಪ್ರಶ್ನೆ: ನಮ್ಮ ತಾಣದಲ್ಲೂ ಪದೇ ಪದೇ ಕೇಳುವ ಪ್ರಶ್ನೆಗಳ ಪುಟ ಬೇಕೇ?

ವಿಷಯವನ್ನು ಪ್ರವೇಶಿಸುತ್ತಿರುವವರಿಗೆ ಬಿಡಿಬಿಡಿ ಸಂದೇಹಗಳನ್ನು ಒಂದೆಡೆ ಪರಿಹರಿಸಲು ಇಂತಹ ಪುಟ ಉಪಯುಕ್ತ. ಆದರೆ ಒಂದು ಸೇವೆಯ ತಾಣದಲ್ಲಿ ಒಂದೇ ಪ್ರಶ್ನೆ ಪದೇ ಪದೇ ಬರುತ್ತಿದ್ದರೆ, ಅದರ ಉತ್ತರ ಇರಬೇಕಾದ ಜಾಗದಲ್ಲಿ ಇಲ್ಲವೆಂದು ತಿಳಿಯಬೇಕು. ಶುಲ್ಕ ಮರುಪಾವತಿಯ ಪ್ರಶ್ನೆಗೆ ಉತ್ತರ ಶುಲ್ಕ ಕಟ್ಟುವ ಪುಟದಲ್ಲೇ ಇರಲಿ. ಯಾರೂ ಕೇಳದ ಪ್ರಶ್ನೆಗಳನ್ನು ತಾವೇ ಕಲ್ಪಿಸಿಕೊಂಡು ತಮ್ಮ ಹಿರಿಮೆ ಹೇಳಿಕೊಳ್ಳುವ ಪುಟಗಳಿಂದ ಯಾರಿಗೂ ಪ್ರಯೋಜನವಿಲ್ಲ.

ಪ್ರಶ್ನೆ: ತಾಣವನ್ನು ಪುನರ್ರಚಿಸಿದಾಗ ಹಳೆಯ ಪುಟಗಳ ವಿಳಾಸಗಳನ್ನು ಏನು ಮಾಡಬೇಕು?

ಉಳಿಸಿಕೊಳ್ಳಬೇಕು. ವೆಬ್‌ನ ಜನಕ ಟಿಮ್ ಬರ್ನರ್ಸ್ ಲೀ 1998ರಲ್ಲೇ ವಿಳಾಸಗಳು ಬದಲಾಗಬಾರದೆಂದು ವಾದಿಸಿ, ಲೇಖಕರ ಹೆಸರು, ತಂತ್ರಾಂಶದ ಹೆಸರು, ಪುಟದ ಈಗಿನ ಸ್ಥಿತಿ ಮುಂತಾಗಿ ಮುಂದೆ ಬದಲಾಗಬಹುದಾದ ಯಾವುದನ್ನೂ ವಿಳಾಸದಲ್ಲಿ ಸೇರಿಸಬೇಡಿ ಎಂದಿದ್ದರು. ಜನರು ಗುರುತು ಹಾಕಿಟ್ಟುಕೊಂಡ, ಪತ್ರಗಳಲ್ಲಿ ಕಳಿಸಿದ, ಮುದ್ರಿತ ಕಾಗದಗಳಲ್ಲಿ ಹಾಕಿಸಿದ ಕೊಂಡಿಗಳು ನಮ್ಮ ಕೈಯಲ್ಲಿಲ್ಲ. ಹಾಗಾಗಿ ಪುಟ ಬೇರೆಡೆಗೆ ಹೋಗಿದ್ದರೆ 301 ಎಂಬ ಶಾಶ್ವತ ಮರುನಿರ್ದೇಶನದ ಮೂಲಕ ಹಳೆಯ ವಿಳಾಸವನ್ನು ಹೊಸದಕ್ಕೆ ಜೋಡಿಸಬೇಕು, ಅದೂ ಅದೇ ವಿಷಯದ ಪುಟಕ್ಕೆ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದರೆ ಓದುಗರಿಗೆ ಏನಾಯಿತೆಂದೇ ತಿಳಿಯದು. ಪುಟವನ್ನು ಉದ್ದೇಶಪೂರ್ವಕವಾಗಿ ತೆಗೆದುಹಾಕಿದ್ದರೆ 410 ಎಂಬ ಸಂಕೇತ ಅದನ್ನು ಪ್ರಾಮಾಣಿಕವಾಗಿ ಹೇಳುತ್ತದೆ. ಉಳಿದ ಸಂದರ್ಭಗಳಲ್ಲಿ ಕಾಣುವ 404ರ ಪುಟದಲ್ಲಿ, ಕೇಳಿದ ಪುಟ ಇಲ್ಲ ಎಂಬ ನೇರ ಮಾತು, ಹುಡುಕಾಟ ಪೆಟ್ಟಿಗೆ ಮತ್ತು ಹೆಚ್ಚು ಬಳಕೆಯಲ್ಲಿರುವ ಕೆಲವು ಪುಟಗಳ ಕೊಂಡಿಗಳಿರಬೇಕು. ಆ ಪುಟ ತೆರೆದುಕೊಂಡ ವಿಳಾಸಗಳ ದಾಖಲೆಯನ್ನು ಹೊಸ ತಾಣ ಆರಂಭವಾದ ಮೊದಲ ವಾರಗಳಲ್ಲಿ ಪ್ರತಿದಿನವೂ ನೋಡಿ, ಬಿಟ್ಟುಹೋದ ಮರುನಿರ್ದೇಶನಗಳನ್ನು ಸೇರಿಸುತ್ತಾ ಹೋಗಬೇಕು.